ಅರಿವಳಿಕೆ ಡಾಕ್ಟರ್‌ಗೆ ಕೇಳಿ: ಮತ್ತು ಕೊಟ್ಟಾಗ ಮಿದುಳಿನಲ್ಲಿ ಏನಾಗುತ್ತದೆ?

ಅಡ್ಮಿನ್: ನಮ್ಮ ಕೊಡಗಿನ ಗ್ರೂಪಿಗೆ ಇವತ್ತು ಅರಿವಳಿಕೆ ವೈದ್ಯೆಯೊಬ್ಬರು ಬಂದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಆಪರೇಷನ್‌ಗೆ ಮತ್ತು ಕೊಡುವ ವಿಷಯ ಮಾತ್ರ ಕೇಳಿ. ಫಾರ್ವರ್ಡ್ ಹಾಕಬೇಡಿ.

ಸೋಮವಾರಪೇಟೆ ಮೇಷ್ಟ್ರು: ಮೇಡಂ, ನನ್ನ ಹರ್ನಿಯಾ ಆಪರೇಷನ್‌ಗೆ ಹಾಲಿನ ಹಾಗೆ ಬೆಳ್ಳಗಿದ್ದ ಔಷಧ ಕೊಟ್ಟರು. ಮಳೆಗಾಲದಲ್ಲಿ ಕರೆಂಟ್ ಹೋದ ಹಾಗೆ ಎಲ್ಲ ಬಂದ್. ಮಿದುಳು ಪೂರ್ತಿ ಆಫ್ ಆಗಿಬಿಡುತ್ತದೆಯೇ?

ಡಾಕ್ಟರ್: ಕರೆಂಟ್ ಹೋಗಲ್ಲ ಮೇಷ್ಟ್ರೇ. ಅದು ಪ್ರೊಪೊಫಾಲ್. ನೀರಿನಲ್ಲಿ ಸರಿಯಾಗಿ ಕರಗದ ಕಾರಣ ಸೋಯಾ ಎಣ್ಣೆಯಲ್ಲಿ ಬೆರೆಸಿರುತ್ತಾರೆ, ಅದಕ್ಕೇ ಆ ಬಣ್ಣ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಇದೆ. ನರಕೋಶಗಳಿಗೆ 'ಸುಮ್ನಿರು' ಎನ್ನುವುದು ಅದರ ಕೆಲಸ. ಪ್ರೊಪೊಫಾಲ್ ಅದರ ಜೋರನ್ನು ಹೆಚ್ಚಿಸುತ್ತದೆ.

ಮದುವೆಮನೆ ನೆನಪಿಸಿಕೊಳ್ಳಿ. ವಾಲಗ ಶುರುವಾಗುವ ಮೊದಲು ಒಂದೊಂದು ಮೂಲೆಯಲ್ಲಿ ಒಂದೊಂದು ಮಾತು. ಕಾಫಿ ರೇಟು, ಆನೆ ಕಾಟ, ಯಾರ ಮಗಳು ಬೆಂಗಳೂರಿಗೆ ಹೋದಳು. ವಾಲಗ ಬಾರಿಸಿದ ಮೇಲೆ ಎಲ್ಲರೂ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಾರೆ. ಜನ ಎಲ್ಲೂ ಹೋಗಿಲ್ಲ, ಸದ್ದೂ ಜಾಸ್ತಿಯೇ ಆಗಿದೆ. ಮಾತುಕತೆ ಮಾತ್ರ ನಿಂತಿದೆ. ಪ್ರೊಪೊಫಾಲ್ ಕೊಟ್ಟಾಗ ಹಣೆಯ ಹಿಂದಿನ ಭಾಗವೂ ಮಿದುಳಿನ ನಡುವೆ ಇರುವ ಥಾಲಮಸ್ ಕೂಡ ಸೆಕೆಂಡಿಗೆ ಸುಮಾರು 10 ಸಲ ಏರಿಳಿಯುವ ಒಂದೇ ಲಯಕ್ಕೆ ಬೀಳುತ್ತವೆ.

ಇದರ ಜೊತೆ ತುಂಬ ನಿಧಾನದ ದೊಡ್ಡ ಅಲೆ ಒಂದಿದೆ. ಅದು ಒಂದು ಸಲ ಬಂದು ಹೋಗಲು ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು. ಆ ಅಲೆಯ ಒಂದು ಹೊತ್ತಿನಲ್ಲಿ ಮಾತ್ರ ನರಕೋಶ ಕೆಲಸ ಮಾಡುತ್ತದೆ, ಉಳಿದ ಹೊತ್ತು ಮೌನ. ದೂರದ ಎರಡು ಭಾಗಗಳ ಮೌನ ಒಟ್ಟಿಗೆ ಬರುವುದಿಲ್ಲ. ನೀವು ಫೋನ್ ಮಾಡಿದಾಗ ಅತ್ತ ನೆಟ್‌ವರ್ಕ್ ಇಲ್ಲ, ಅವರು ಮಾಡಿದಾಗ ನಿಮಗಿಲ್ಲ. ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಹಾಗಾಗಿ ಸದ್ದು ಮಿದುಳಿನ ಕೇಳುವ ಭಾಗದವರೆಗೂ ತಲುಪುತ್ತದೆ. ಆದರೆ ಹಣೆಯ ಹಿಂದಿನ ಭಾಗದಿಂದ ಹಿಂಭಾಗಕ್ಕೆ ವಾಪಸ್ ಹೋಗಬೇಕಾದ ಸಂದೇಶ ಕಡಿಮೆಯಾಗುತ್ತದೆ. 'ನಾನು ಕೇಳಿದೆ' ಎನ್ನುವವರು ಇರುವುದಿಲ್ಲ.

ಕುಶಾಲನಗರ ಅಪ್ಪ: ನನ್ನ ಮಗನಿಗೆ ಕೈ ಮೂಳೆ ಕೂರಿಸುವಾಗ ಮತ್ತು ಕೊಟ್ಟರು. ಕಣ್ಣು ಬಿಟ್ಟುಕೊಂಡೇ ಇದ್ದ! ನಮ್ಮ ಜೀವ ಹೋಯಿತು.

ಡಾಕ್ಟರ್: ಕೆಟಮಿನ್ ಇರಬೇಕು. ಅದು ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ. ಕಣ್ಣು ತೆರೆದಿರುತ್ತದೆ, ಗುಡ್ಡೆ ಆಡುತ್ತದೆ, ಆದರೆ ನೋವು ಮುಟ್ಟುವುದಿಲ್ಲ. ಮೊದಲೇ ನಿಮಗೆ ಹೇಳಬೇಕಿತ್ತು, ಅದು ನಮ್ಮವರ ತಪ್ಪು.

ಗೋಣಿಕೊಪ್ಪ ರೈಟರ್: ಆಪರೇಷನ್ ದಿನ ಬೆಳಿಗ್ಗೆ ಕಾಫಿ ಕುಡಿಯಬಹುದಾ?

ಡಾಕ್ಟರ್: ಹಾಲು ಹಾಕಿದ್ದರೆ 6 ಗಂಟೆ ಮೊದಲು ನಿಲ್ಲಿಸಿ. ಹಾಲಿಲ್ಲದ ಬೆಲ್ಲದ ಕಾಫಿ, ನೀರು ಸಾಮಾನ್ಯವಾಗಿ 2 ಗಂಟೆ ಮೊದಲಿನವರೆಗೆ ಆಗುತ್ತದೆ. ಪಂದಿಕರಿಯಂಥ ಜಿಡ್ಡಿನ ಊಟಕ್ಕೆ 8 ಗಂಟೆ. ಶುಗರ್, ಹೊಟ್ಟೆ ತೊಂದರೆ ಇದ್ದರೆ ನಿಮ್ಮ ಡಾಕ್ಟರ್ ಹೇಳಿದ್ದೇ ಲೆಕ್ಕ.

ಮೂರ್ನಾಡು ಅಕ್ಕ: ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಜೀವಮಾನ ಪೂರ್ತಿ ಸೊಂಟ ನೋವಂತೆ?

ಡಾಕ್ಟರ್: ಇಲ್ಲ.

ವಿರಾಜಪೇಟೆ ಸೊಸೆ: ಮೇಡಂ, ಮಾವನಿಗೆ 74. ಶುಕ್ರವಾರ ಸಂಜೆ ಕಣದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಮೈಸೂರಿಗೆ ತಂದಿದ್ದೇವೆ, ನಾಳೆ ಆಪರೇಷನ್. ಹಿಂದೆ ಒಂದು ಆಪರೇಷನ್ ಆದ ಮೇಲೆ 3 ದಿನ ನಮ್ಮ ಗುರುತೇ ಸಿಗಲಿಲ್ಲ. ಹಾಸಿಗೆಯ ಮೇಲೆ ಕಾಫಿ ಕೊಯ್ಯುವ ಹಾಗೆ ಕೈ ಆಡಿಸುತ್ತಿದ್ದರು. ಮತ್ತೆ ಹಾಗಾಗುತ್ತದಾ? ನಿದ್ದೆಗೆ ಅಲ್ಪ್ರಾಜೊಲಾಮ್ 10 ವರ್ಷದಿಂದ ತಗೊಳ್ಳುತ್ತಾರೆ. ರಾತ್ರಿ ಎರಡು ಪೆಗ್. ಇಲ್ಲಿ ಯಾರಿಗೂ ಹೇಳಿಲ್ಲ, ಮಾವ ಬೇಡ ಎಂದರು.

ಡಾಕ್ಟರ್: ಈಗಲೇ ಹೇಳಿ. ಇದನ್ನು ಓದಿ ಮುಗಿಸುವ ಮೊದಲು ಎದ್ದು ಹೋಗಿ ಡ್ಯೂಟಿ ಡಾಕ್ಟರ್‌ಗೆ ಎರಡನ್ನೂ ಹೇಳಿ.

ಹೇಳಿ ಬಂದಿರಾ? ಸರಿ, ಕಾರಣ ಕೇಳಿ. ಪೆಗ್ಗೂ ಆ ಮಾತ್ರೆಯೂ ನಾನು ಮೇಲೆ ಹೇಳಿದ ಗಾಬಾದ ಬಾಗಿಲನ್ನೇ ತಟ್ಟುವುದು. ವರ್ಷಗಟ್ಟಲೆ 'ಸುಮ್ನಿರು' ಕೇಳಿ ಕೇಳಿ ಮಿದುಳು ತನ್ನ ದನಿ ಏರಿಸಿಕೊಂಡಿದೆ. ಎರಡನ್ನೂ ಒಟ್ಟಿಗೆ ನಿಲ್ಲಿಸಿದರೆ ಆ ಏರಿದ ದನಿಯನ್ನು ತಡೆಯುವವರಿಲ್ಲ. ಕೈ ನಡುಕ, ಬೆವರು, ಚಡಪಡಿಕೆ, ಕೆಲವರಿಗೆ ಫಿಟ್ಸ್. ಕುಡಿತ ನಿಂತು 2-3 ದಿನಕ್ಕೆ ಇದು ಜೋರಾಗುವುದು ಹೆಚ್ಚು. ಶುಕ್ರವಾರದಿಂದ ಲೆಕ್ಕ ಹಾಕಿ, ಸರಿಯಾಗಿ ಆಪರೇಷನ್ ಹೊತ್ತಿಗೇ ಬರುತ್ತದೆ. ನನಗೆ ಭಯ ಅದು. ಮೊದಲೇ ಗೊತ್ತಿದ್ದರೆ ಅಳತೆ ಮಾಡಿ ಔಷಧ ಕೊಡುತ್ತಾರೆ, ಬಿ1 ವಿಟಮಿನ್ ಕೊಡುತ್ತಾರೆ. ನೀವಾಗಿ ಮಾತ್ರೆ ಕೊಡಬೇಡಿ. ಫ್ಲಾಸ್ಕಿನಲ್ಲಿ ಪೆಗ್ ತರುವ ನೆಂಟರನ್ನು ಬಾಗಿಲಲ್ಲೇ ತಡೆಯಿರಿ.

ಹಿಂದಿನ ಸಲ ಆದದ್ದು ಡೆಲಿರಿಯಂ. ಹುಚ್ಚಲ್ಲ. ವಯಸ್ಸಾದ ಮಿದುಳಿನ ಭಾಗಗಳು ಮತ್ತೆ ಒಂದಕ್ಕೊಂದು ಹೊಂದಿಕೊಳ್ಳಲು ಒದ್ದಾಡುವುದು. ಒಮ್ಮೆ ಆದವರಿಗೆ ಮತ್ತೆ ಆಗಬಹುದು, ಅದನ್ನೂ ಅಲ್ಲಿ ಹೇಳಿ.

ವಿರಾಜಪೇಟೆ ಸೊಸೆ: ಹೇಳಿ ಬಂದೆ ಮೇಡಂ. ಬೆನ್ನಿಗೆ ಕೊಟ್ಟರೆ ಈ ಗೊಂದಲ ಬರಲ್ಲ ಅಲ್ವಾ?

ಡಾಕ್ಟರ್: ಹಾಗೇನಿಲ್ಲ. ಸೊಂಟ ಮುರಿದ 1600 ಜನರ ಮೇಲೆ ಅಮೆರಿಕ, ಕೆನಡಾದಲ್ಲಿ ನಡೆದ ಅಧ್ಯಯನ 2021ರಲ್ಲಿ ಬಂತು. ಬೆನ್ನಿಗೆ ಕೊಟ್ಟವರಿಗೂ ಪೂರ್ತಿ ಮತ್ತು ಕೊಟ್ಟವರಿಗೂ ಡೆಲಿರಿಯಂ ಹೆಚ್ಚುಕಡಿಮೆ ಒಂದೇ. ಯಾವುದು ಎಂದು ಅಲ್ಲಿನವರು ತೀರ್ಮಾನಿಸಲಿ. ನೀವು ಅವರ ಕನ್ನಡಕ, ಕಿವಿ ಮೆಷಿನ್ ತರಿಸಿ. ಹಗಲು ಕಿಟಕಿ ತೆರೆದಿಡಿ, ರಾತ್ರಿ ಲೈಟ್ ಆರಿಸಿ. ಗುರುತಿನ ಮುಖ ಒಂದು ಹತ್ತಿರ ಇರಲಿ.

ನಾಪೋಕ್ಲು ಬಾವ: ಫಾರ್ವರ್ಡ್ ಬಂದದ್ದು: ಎರಡು ಜಾಯಿಕಾಯಿ ಪುಡಿ ಮಾಡಿ ಬಿಸಿ ಹಾಲಿಗೆ ಹಾಕಿ ಕುಡಿದರೆ ನಿದ್ದೆ ಮಾತ್ರೆ ಬೇಡ. ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ಕಳಿಸಬೇಡಿ! ಪಲಾವಿಗೆ ಒಂದು ಚಿಟಿಕೆ ಬೇರೆ, ಎರಡು ಕಾಯಿ ಬೇರೆ. ಅಷ್ಟು ಜಾಯಿಕಾಯಿ ವಿಷ. ಎದೆ ಬಡಿತ ಏರುತ್ತದೆ, ವಾಂತಿ, ಇಲ್ಲದ್ದು ಕಾಣುತ್ತದೆ. ಅಳಿಸಿ.

ನಾಪೋಕ್ಲು ಬಾವ: ನಮ್ಮ ಅಜ್ಜಿ ಕೊಡುತ್ತಿದ್ದರು.

ಡಾಕ್ಟರ್: ಎರಡು ಕಾಯಿ ಕೊಡುತ್ತಿದ್ದರಾ?

ನಾಪೋಕ್ಲು ಬಾವ: ನೆನಪಿಲ್ಲ. ಮತ್ತೆ ಪೆಗ್ ಎಂದು ಎಲ್ಲವನ್ನೂ ಒಂದೇ ಮಾಡಬೇಡಿ. ಮನೆ ವೈನ್ ಔಷಧಿ.

ಮೂರ್ನಾಡು ಅಕ್ಕ: ಮನೆಯಲ್ಲಿ ಮಾಡಿದರೆ ಅಮಲು ಏರಲ್ವಾ? ನಮ್ಮಣ್ಣನ ಲಿವರ್ ಹೋದದ್ದು ಅದೇ 'ಔಷಧಿ' ಕುಡಿದು.

ನಾಪೋಕ್ಲು ಬಾವ: ಹಣ್ಣು, ಸಕ್ಕರೆ, ಅಷ್ಟೇ. ಕೆಮಿಕಲ್ ಇಲ್ಲ. ನಿಮ್ಮಣ್ಣ ವೈನ್ ಒಂದೇ ಕುಡಿದದ್ದಲ್ಲ, ಊರಿಗೇ ಗೊತ್ತು.

ಮೂರ್ನಾಡು ಅಕ್ಕ: ನಾಲಿಗೆ ಹಿಡಿತದಲ್ಲಿರಲಿ.

ಗೋಣಿಕೊಪ್ಪ ರೈಟರ್: ವೈನ್ ಮಾರುವವರಿಗೆ ಹೊಟ್ಟೆ ಉರಿ 😀

ನಾಪೋಕ್ಲು ಬಾವ: ನಾನು ಮಾರಲ್ಲ. ಪ್ರೂವ್ ಮಾಡು.

ಸಿದ್ದಾಪುರ ತಮ್ಮ: ಪಟಾಕಿಗೆ ಹೆದರುವ ನಾಯಿಗೆ ಯಾವ ಮತ್ತಿನ ಮಾತ್ರೆ ಕೊಡಬಹುದು?

ಪೊನ್ನಂಪೇಟೆ ಅಮ್ಮ: ಮೇಡಂ, 4 ವರ್ಷದ ಮಗಳಿಗೆ ಸ್ಕ್ಯಾನ್ ಮಾಡಲು ಮತ್ತು ಕೊಡುತ್ತಾರಂತೆ. ಬುದ್ಧಿಗೆ ತೊಂದರೆ ಆಗುತ್ತದಾ?

ಮೂರ್ನಾಡು ಅಕ್ಕ: ಅಡ್ಮಿನ್, ಈ ನಾಪೋಕ್ಲು ಬಾವನನ್ನು ತೆಗೆಯುತ್ತೀರೋ ನಾನೇ ಹೋಗಲೋ?

ಅಡ್ಮಿನ್: ವೈನ್ ವಿಷಯ ಇಲ್ಲಿಗೆ ನಿಲ್ಲಿಸಿ. ಮೂರು ಕಾಮೆಂಟ್ ಅಳಿಸಿದ್ದೇನೆ.

ಅಮ್ಮತ್ತಿ ಹುಡುಗ: ಆಪರೇಷನ್ ದಿನ ಕಾಫಿ?

ಡಾಕ್ಟರ್: ಮೇಲೆ ಇದೆ.

ಗೋಣಿಕೊಪ್ಪ ರೈಟರ್: ಬೆಲ್ಲದ ಕಾಫಿಗೆ ಸ್ವಲ್ಪವೇ ಹಾಲು ಹಾಕಿದರೆ?

ಡಾಕ್ಟರ್: ಮೇಲೆ ಇದೆ. ಓದಲು ಬರುತ್ತದೆ ಅಲ್ವಾ?

ಪೊನ್ನಂಪೇಟೆ ಅಮ್ಮ: ಮೇಡಂ, ನನ್ನ ಪ್ರಶ್ನೆ ಮೇಲೆ ಹೋಗಿಬಿಟ್ಟಿತು.

ವಿರಾಜಪೇಟೆ ಸೊಸೆ: ಡಾಕ್ಟರ್ ಬಂದು ನೋಡಿದರು. ಕೈ ನಡುಗಲು ಶುರುವಾಗಿದೆಯಂತೆ, ಔಷಧ ಕೊಟ್ಟರು. ಪೆಗ್ ವಿಷಯ ಹೇಳಿದ್ದಕ್ಕೆ ಮಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಡಾಕ್ಟರ್: ಬಿಡಲಿ. ಆಪರೇಷನ್ ಆದ ರಾತ್ರಿ ಹತ್ತಿರ ಯಾರು ಕೂರುತ್ತೀರಿ?

ವಿರಾಜಪೇಟೆ ಸೊಸೆ: ನಾನೇ.