ಏಳನೆಯ ಸ್ಥಾನದ ಬುಲ್‌ಡಾಗ್ಸ್ ಮೇಲೆ ಭರವಸೆ ಇಡಬಹುದೇ?

ಪ್ರಶ್ನೆ (ಮೆಲ್ಬರ್ನ್, ಸೆಪ್ಟೆಂಬರ್ 2016):
ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನ ಅಂಕಪಟ್ಟಿಯಲ್ಲಿ ಏಳನೆಯದಾಗಿದ್ದ ನಮ್ಮ ವೆಸ್ಟರ್ನ್ ಬುಲ್‌ಡಾಗ್ಸ್, ಪರ್ತ್‌ನಲ್ಲಿ ವೆಸ್ಟ್ ಕೋಸ್ಟ್ ತಂಡವನ್ನು, ಮೆಲ್ಬರ್ನ್‌ನಲ್ಲಿ ಸತತ ಮೂರು ವರ್ಷ ಕಪ್ ಗೆದ್ದಿದ್ದ ಹಾಥಾರ್ನ್ ತಂಡವನ್ನು, ಸಿಡ್ನಿಯಲ್ಲಿ ಜಿಡಬ್ಲ್ಯುಎಸ್ (ಗ್ರೇಟರ್ ವೆಸ್ಟರ್ನ್ ಸಿಡ್ನಿ) ತಂಡವನ್ನು ಕೇವಲ 6 ಅಂಕಗಳಿಂದ ಮಣಿಸಿ ಗ್ರ್ಯಾಂಡ್ ಫೈನಲ್ ತಲುಪಿದೆ. 1954ರ ಬಳಿಕ ಕಪ್ಪನ್ನೇ ಕಾಣದ ತಂಡ ಈ ಬಾರಿ ಗೆಲ್ಲುತ್ತದೆಂದು ನನಗೇಕೋ ದೃಢವಾಗಿ ಅನ್ನಿಸುತ್ತಿದೆ. ಇದು ಬರೀ ಅಭಿಮಾನವೇ?

ಉತ್ತರ 1:
ಬಹುಮಟ್ಟಿಗೆ ಅಭಿಮಾನವೇ. ಫೈನಲ್‌ನ ಎದುರಾಳಿ ಸಿಡ್ನಿ ಸ್ವಾನ್ಸ್ ಪಟ್ಟಿಯ ಅಗ್ರಸ್ಥಾನಿ. ಅವರಲ್ಲಿ ಗೋಲು ಹೊಡೆಯುವುದರಲ್ಲಿ ಹೆಸರಾದ ಲ್ಯಾನ್ಸ್ ಫ್ರಾಂಕ್ಲಿನ್ ಇದ್ದಾರೆ. ಏಳನೆಯ ಸ್ಥಾನದಿಂದ ಬಂದು ಕಪ್ ಗೆದ್ದ ತಂಡ ಇದುವರೆಗೆ ಒಂದೂ ಇಲ್ಲ.

ಉತ್ತರ 2:
ಇತಿಹಾಸ ಮೈದಾನಕ್ಕಿಳಿದು ಆಡುವುದಿಲ್ಲ, ಸ್ವಾಮಿ. ನಾಯಕ ಬಾಬ್ ಮರ್ಫಿ ಋತುವಿನ ಆರಂಭದಲ್ಲೇ ಮೊಣಕಾಲಿನ ಗಾಯದಿಂದ ಹೊರಗುಳಿದರೂ, ಕೋಚ್ ಲ್ಯೂಕ್ ಬೆವರಿಜ್ ಅವರ ಹುಡುಗರು ಇಕ್ಕಟ್ಟಿನಲ್ಲಿ ಚೆಂಡನ್ನು ಕಿತ್ತುಕೊಂಡು, ಮುಷ್ಟಿಯಿಂದ ಗುದ್ದಿ ಒಬ್ಬರಿಂದೊಬ್ಬರಿಗೆ ಥಟ್ಟನೆ ದಾಟಿಸುವ ಆಟದಿಂದಲೇ ಮೂರು ಬಲಿಷ್ಠ ತಂಡಗಳನ್ನು ಕಂಗೆಡಿಸಿದ್ದಾರೆ. ಆ ಆಟವನ್ನು ತಡೆಯುವುದು ಸ್ವಾನ್ಸ್‌ಗೂ ಸುಲಭವಲ್ಲ.

ಉತ್ತರ 3:
1961ರ ಫೈನಲ್‌ನಲ್ಲಿ ಬುಲ್‌ಡಾಗ್ಸ್ ಸೋತದ್ದನ್ನು ಕಣ್ಣಾರೆ ಕಂಡ ನಮ್ಮ ನೆರೆಮನೆಯ ಅಜ್ಜ ಈಗಾಗಲೇ ಬೇಲಿಗೆ ತಂಡದ ಬಣ್ಣಗಳಾದ ಕೆಂಪು, ಬಿಳಿ, ನೀಲಿ ಪಟ್ಟಿಗಳನ್ನು ಕಟ್ಟಿದ್ದಾರೆ. ನಾನೂ ಅವರ ಪಕ್ಷವೇ.