ಅಪ್‌ಡೇಟ್: ಮಾರುತಿ 800ಗೆ ಹಳೇ ಶಾಕ್ ಅಬ್ಸಾರ್ಬರ್ ಸಿಕ್ತು
ನನ್ನ ಮಾರುತಿ 800ಗೆ ಸೆಕೆಂಡ್ ಹ್ಯಾಂಡ್ ಶಾಕ್ ಅಬ್ಸಾರ್ಬರ್ ಎಲ್ಲಿ ಸಿಗುತ್ತೆ, ಬೇರೆ ಕಾರಿಂದು ಕೂರುತ್ತಾ ಅಂತ ಕೇಳಿದ್ದೆನಲ್ಲ? ಹಿಂದಿನ ಚಕ್ರಗಳ ಜೋಡಿ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡೀಲಿ ಸಿಕ್ತು, 800ರದ್ದೇ. ಆಲ್ಟೋದ್ದೂ ತೋರಿಸಿದ್ರು, ಬುಷ್ (ತುದಿಯ ರಬ್ಬರ್ ಬಳೆ) ಅಳತೆ, ಉದ್ದ ತಾಳೆ ನೋಡೋ ತಾಪತ್ರಯ ಯಾಕೆ ಅಂತ ಬಿಟ್ಟೆ.

ತಗೊಳ್ಳೋ ಮುಂಚೆ ನೆಟ್ಟಗೆ ನಿಲ್ಲಿಸಿ ರಾಡನ್ನ ನಾಲ್ಕೈದು ಸಲ ಒತ್ತಿ, ಎಳೆದು ನೋಡಿ. ಮಧ್ಯೆ ಎಲ್ಲೂ ಸಡಿಲ ಬಿಡದೆ ಒಂದೇ ಸಮ ಬಿಗಿ ಇರಬೇಕು. ಸೀಲ್ ಸುತ್ತ ಎಣ್ಣೆ ಜಿಡ್ಡು, ರಾಡ್ ಮೇಲೆ ಗೀರು ಇರಬಾರದು. ಒಂದನ್ನಂತೂ ಫಳಫಳ ಒರೆಸಿಟ್ಟಿದ್ರು. ಅನುಮಾನ ಬಂದು ಒತ್ತಿದ್ರೆ ಸೈಕಲ್ ಪಂಪ್ ಥರ ಸರಕ್ ಅಂತ ಒಳಗೆ!

ಮುಂದಿನ ಚಕ್ರಗಳ ಸ್ಟ್ರಟ್ (ಸ್ಪ್ರಿಂಗ್ ಜೊತೆ ಸೇರಿರೋ ಶಾಕ್ ಅಬ್ಸಾರ್ಬರ್) ಎರಡೂ ಹೊಸದೇ ಹಾಕಿಸ್ದೆ. ಹಳೇದು ಹಾಕಿ ಅದು ಕೈಕೊಟ್ರೆ, ಸ್ಪ್ರಿಂಗ್ ಅದುಮಿ ಬಿಚ್ಚೋ ಕೂಲಿ ಎರಡು ಸಲ ಯಾರು ಕೊಡ್ತಾರೆ?