ಅಪ್‌ಡೇಟ್: ತೋಟಕ್ಕೆ ಹೋಗುವ ಟಾರ್ಚ್ ಕೊನೆಗೂ ಸಿಕ್ಕಿತು

ಹದಿನೈದು ದಿನಗಳ ಹಿಂದೆ, ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟಕ್ಕೆ ರಾತ್ರಿ ಮೋಟಾರ್ ಹಾಕಲು ಹೋಗುವಾಗ ಹಿಡಿಯಲು ಯಾವ ಟಾರ್ಚ್ ಒಳ್ಳೆಯದು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆ.

‘ಲುಮೆನ್ (ಟಾರ್ಚ್ ಸೂಸುವ ಒಟ್ಟು ಬೆಳಕಿನ ಅಳತೆ) ಹೆಚ್ಚಿರುವುದನ್ನೇ ಕೊಳ್ಳಿ’ ಎಂಬ ಸಲಹೆ ನನಗಂತೂ ಉಪಯೋಗಕ್ಕೆ ಬರಲಿಲ್ಲ. ನೆಂಟರಿಂದ ಎರವಲು ತಂದ ದೈತ್ಯ ಟಾರ್ಚ್ ಎರಡೇ ನಿಮಿಷಕ್ಕೆ ಕೈ ಸುಡುವಷ್ಟು ಬಿಸಿಯಾಗಿ ತಾನೇ ಮಂಕಾಯಿತು. ದೂರಕ್ಕೆ ಎಸೆಯುವ ಕಿರಿದಾದ ಬೆಳಕು ಮಂಜಿನಲ್ಲಿ ಬಿಳಿ ಗೋಡೆಯಾಯಿತು. ಹಣೆಗೆ ಕಟ್ಟುವ ದೀಪಕ್ಕೆ ಮುತ್ತಿದ ಹುಳುಗಳೆಲ್ಲ ನೇರ ಕಣ್ಣಿಗೇ ಬಂದವು!

ಗೆದ್ದದ್ದು ‘ಅಗಲವಾಗಿ ಹರಡುವ, 4000 ಕೆಲ್ವಿನ್ ಆಸುಪಾಸಿನ (ಹೆಚ್ಚು ಹಳದಿಯೂ ಅಲ್ಲದ, ನೀಲಿಯೂ ಅಲ್ಲದ ಬಣ್ಣದ) ಬೆಳಕು, ಒಂದೇ 18650 ಸೆಲ್ (ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್)’ ಎಂದವರ ಮಾತು. 300 ಲುಮೆನ್‌ನಲ್ಲೇ ಕೆಲಸ ಮುಗಿಯುತ್ತಿದೆ. ನೀಲಿ ಛಾಯೆಯ ಬೆಳಕಿನಲ್ಲಿ ಒಣಗಿದ ಸೋಗೆಯೂ ಹಾವೂ ಒಂದೇ ಬೂದು ಬಣ್ಣ; ಇದರಲ್ಲಿ ಕಂದು ಕಂದಾಗಿಯೇ ಕಾಣುತ್ತದೆ. ಮೊನ್ನೆ ಕಾಲಿನ ಮುಂದೆಯೇ ಇದ್ದ ಮಂಡಲದ ಹಾವು ಕಂಡದ್ದು ಇದರಿಂದಲೇ.

ಎರಡು ವಿಷಯ ಹೊಸದಾಗಿ ತಿಳಿಯಿತು. ಡಬ್ಬಿಯ ಮೇಲಿನ ‘200 ಮೀಟರ್’ ಎಂದರೆ ಬೆಳಕು 0.25 ಲಕ್ಸ್‌ಗೆ, ಅಂದರೆ ಹುಣ್ಣಿಮೆಯ ಬೆಳದಿಂಗಳಿನಷ್ಟಕ್ಕೆ ಇಳಿಯುವ ದೂರ. ಅದರ ಅರ್ಧ ದೂರದಲ್ಲಿ ನಾಲ್ಕು ಪಟ್ಟು ಬೆಳಕಿರುತ್ತದೆ. ನಾನು ಈಗ ಆ ಅರ್ಧವನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ. ಇನ್ನೊಂದು, 18650 ಸೆಲ್ ಮೇಲೆ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದು ಬರೆದಿದ್ದರೆ ಅದು ಶುದ್ಧ ಸುಳ್ಳು. ಒಳ್ಳೆಯ ಸೆಲ್‌ಗಳೂ 3500ರ ಆಸುಪಾಸಿನಲ್ಲೇ ನಿಲ್ಲುತ್ತವೆ. ನಾನು ಅಂಥದ್ದೊಂದಕ್ಕೆ ಹಣ ತೆತ್ತು ಕಲಿತೆ.

ಅಪ್ಪ ಮಾತ್ರ ಇನ್ನೂ ತಮ್ಮ ಹಳೆಯ ಎರಡು ಸೆಲ್‌ನ ಸ್ಟೀಲ್ ಬ್ಯಾಟರಿಯನ್ನೇ ಹಿಡಿದು ಹೊರಡುತ್ತಾರೆ.